ಅರ್ಥ ಆಗುತ್ತೆ, ಬಾಯಿಗೆ ಬರಲ್ಲ: ಇಂಗ್ಲಿಷಿನಲ್ಲಿ ಬೆಳೆದ ಹದಿಹರೆಯದವರು ಪಂಜಾಬಿ ಮಾತು ಕಲಿಯಲು ಯಾವ ದಾರಿ ಹಿಡಿಯಬೇಕು?

ಆ ದಿನ ಮನೆಯಲ್ಲಿ ಇದ್ದದ್ದು ನಮ್ಮತ್ತೆ ಮತ್ತು ನನ್ನ ಮಗಳು ಮಾತ್ರ. ಅತ್ತೆ ಅಡುಗೆಮನೆಯ ಕುರ್ಚಿಯಲ್ಲಿ ಕುಸಿದು ಕುಳಿತು "ಚಕ್ಕರ್ ಆಉಂದೇ ನೇ, ಪುತ್ತರ್" ಎಂದರಂತೆ. ತಲೆ ಸುತ್ತುತ್ತಿದೆ ಮಗಳೇ, ಅಂತ. ಮಗಳಿಗೆ ಅದು ಚೆನ್ನಾಗಿ ಅರ್ಥವಾಯಿತು. ಹದಿನೈದು ವರ್ಷ ಅದೇ ಮನೆಯಲ್ಲಿ ಆ ಭಾಷೆ ಕೇಳಿಕೊಂಡೇ ಬೆಳೆದವಳು. ಆದರೆ "ಯಾವಾಗಿನಿಂದ? ಬೆಳಿಗ್ಗೆ ಮಾತ್ರೆ ತಗೊಂಡ್ರಾ?" ಎಂದು ಕೇಳಲು ಒಂದು ಪದವೂ ಬಾಯಿಗೆ ಬರಲಿಲ್ಲ. ನೀರು ತಂದುಕೊಟ್ಟಳು, ಕೈ ಹಿಡಿದುಕೊಂಡಳು, ನನಗೆ ಫೋನ್ ಮಾಡಿದಳು. ಅತ್ತೆ ಬಿ.ಪಿ. ಮಾತ್ರೆ ಮರೆತಿದ್ದರು, ಸಂಜೆಗೆ ಸರಿಹೋದರು.

ರಾತ್ರಿ ಮಗಳು ನನ್ನ ಮಂಚದ ತುದಿಯಲ್ಲಿ ಬಂದು ಕುಳಿತಳು. ದಾದಿ (ಅಪ್ಪನ ಅಮ್ಮ) ಜೊತೆ ಪಂಜಾಬಿಯಲ್ಲಿ ಮಾತಾಡೋಕೆ ಬರಬೇಕು ಅಮ್ಮಾ, ಹೇಗಾದರೂ ಕಲಿಸು ಎಂದಳು. ಅಲ್ಲಿಂದ ಶುರುವಾಯಿತು ನಮ್ಮ ಹುಡುಕಾಟ.

ನಾನು ಹಾಸನದ ಕಡೆಯವಳು. ನನ್ನ ಗಂಡ ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯ ಹಳ್ಳಿಯವರು. ಹನ್ನೆರಡು ವರ್ಷದವರಿದ್ದಾಗ ಕೆನಡಾದಲ್ಲಿದ್ದ ಚಿಕ್ಕಪ್ಪನ ಮನೆಗೆ ಬಂದು ಇಲ್ಲೇ ಓದಿದರು. ನಮ್ಮಿಬ್ಬರಿಗೂ ಗೊತ್ತಿದ್ದ ಭಾಷೆ ಇಂಗ್ಲಿಷ್, ಹಾಗಾಗಿ ಮನೆಯ ಭಾಷೆಯೂ ಅದೇ ಆಯಿತು. ಮಗಳು ಹುಟ್ಟಿದಾಗ ಅತ್ತೆ ನಮ್ಮ ಜೊತೆ ಇರಲು ಬಂದರು. ಅವರು ಪಂಜಾಬಿಯಲ್ಲಿ ಕೇಳುತ್ತಿದ್ದರು, ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಅದು ಎಷ್ಟು ಅಭ್ಯಾಸವಾಗಿತ್ತೆಂದರೆ ನಮಗೆ ಯಾರಿಗೂ ಅದು ಕಣ್ಣಿಗೇ ಬಿದ್ದಿರಲಿಲ್ಲ.

ನಾವಿರುವುದು ಒಂಟಾರಿಯೋದ ಬ್ರಾಂಪ್ಟನ್. ಇಲ್ಲಿ ಪಂಜಾಬಿಗೆ ಬರವಿಲ್ಲ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ತರಕಾರಿ ಅಂಗಡಿಯಲ್ಲಿ ಎಲ್ಲ ಕಡೆ ಕಿವಿಗೆ ಬೀಳುತ್ತದೆ. 2021ರ ಜನಗಣತಿಯ ಪ್ರಕಾರ ಕೆನಡಾದಲ್ಲಿ ಸುಮಾರು 5 ಲಕ್ಷ 20 ಸಾವಿರ ಜನ ಮನೆಯಲ್ಲಿ ಮುಖ್ಯವಾಗಿ ಪಂಜಾಬಿಯನ್ನೇ ಆಡುತ್ತಾರೆ. ಅದೇ ವರ್ಷದ ಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2 ಲಕ್ಷ 91 ಸಾವಿರ ಜನ ಅದನ್ನು ತಮ್ಮ ಮುಖ್ಯ ಭಾಷೆ ಎಂದು ಬರೆಸಿದ್ದರು. ಹಾಗಾಗಿ ಕಲಿಯುವ ದಾರಿಗಳು ಬೇಕಾದಷ್ಟಿವೆ, ಆರಿಸುವುದೇ ಕಷ್ಟ. ನಾವು ಒಂದೂವರೆ ವರ್ಷದಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಮಾಡಿ ನೋಡಿದೆವು. ನನ್ನ ಹಾಗೆ ಪಂಜಾಬಿ ಮನೆ ಸೇರಿದ ಕನ್ನಡದ ಹೆಣ್ಣುಮಕ್ಕಳು, ಗಂಡುಮಕ್ಕಳು ಇಲ್ಲಿ ಒಂದಷ್ಟು ಜನ ಇದ್ದೇವೆ. ಅವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಮಗು ಎಲ್ಲಿ ನಿಂತಿದೆ ನೋಡಿ

ದಾರಿ ಆರಿಸುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ನಿನ್ನೆ ಏನೇನಾಯಿತು ಎಂದು ಎರಡು ನಿಮಿಷ ಪಂಜಾಬಿಯಲ್ಲಿ ಹೇಳು ಎನ್ನಿ. "ನೀರು ಕೊಡು", "ಊಟ ಆಯ್ತು" ಎನ್ನುವುದು ಎಲ್ಲ ಮಕ್ಕಳಿಗೂ ಬರುತ್ತದೆ. ನಿನ್ನೆಯ ಮಾತು ಬಂದಾಗಲೇ ನಿಜ ಗೊತ್ತಾಗುವುದು. ಪಂಜಾಬಿಯಲ್ಲಿ "ತಿಂದೆ" ಎಂಬಂಥ ಹಿಂದೆ ಆದದ್ದನ್ನು ಹೇಳುವಾಗ ಕ್ರಿಯಾಪದದ ಲಿಂಗ ತಿಂದವರ ಜೊತೆ ಹೋಗುವುದಿಲ್ಲ, ತಿಂದ ವಸ್ತುವಿನ ಜೊತೆ ಹೋಗುತ್ತದೆ. ರೊಟ್ಟಿ ಸ್ತ್ರೀಲಿಂಗ, ಹಾಗಾಗಿ "ಮೈಂ ರೋಟೀ ಖಾಧೀ". ಮಾವಿನಹಣ್ಣು ಪುಲ್ಲಿಂಗ, ಹಾಗಾಗಿ "ಮೈಂ ಅಂಬ್ ಖಾಧಾ". ತಿಂದವರು ಹುಡುಗನಾದರೂ ಹುಡುಗಿಯಾದರೂ ಇಷ್ಟೇ. ಇಂಗ್ಲಿಷಿನಲ್ಲಿ ಬೆಳೆದ ಮಕ್ಕಳು ಎಡವುವುದು ಇಲ್ಲೇ. ನಾನೂ ಇಲ್ಲೇ ಎಡವಿದ್ದೆ.

ಈ ಪರೀಕ್ಷೆಯಲ್ಲಿ ಮೂರು ಥರದ ಮಕ್ಕಳು ಸಿಗುತ್ತಾರೆ. ಕೆಲವರಿಗೆ ಕೇಳಿದ್ದೆಲ್ಲ ಅರ್ಥವಾಗುತ್ತದೆ, ಬಾಯಿ ಮಾತ್ರ ಏಳುವುದಿಲ್ಲ. ನನ್ನ ಮಗಳು ಈ ಸಾಲಿನವಳು. ಕೆಲವರಿಗೆ ಆಡಲು ಬರುತ್ತದೆ, ಆದರೆ ಅಡುಗೆಮನೆಯ ಮಾತಷ್ಟೇ. ನಾಲ್ಕು ವರ್ಷದ ಮಗುವಿನ ಮಾತಲ್ಲೇ ನಿಂತುಬಿಟ್ಟಿರುತ್ತಾರೆ. ಇನ್ನು ಕೆಲವರಿಗೆ ಕೇಳಿದ್ದೂ ತಿಳಿಯುವುದಿಲ್ಲ. ಈ ಮೂವರಿಗೂ ಒಂದೇ ಔಷಧಿ ಆಗುವುದಿಲ್ಲ. ಪಕ್ಕದ ಮನೆ ಹುಡುಗ ಎಲ್ಲಿ ಕಲಿತ ಎಂದು ವಿಚಾರಿಸಿ ನಿಮ್ಮ ಮಗುವನ್ನೂ ಅಲ್ಲೇ ಸೇರಿಸಬೇಡಿ.

ಗುರುದ್ವಾರದ ವಾರಾಂತ್ಯದ ಶಾಲೆ

ಎಲ್ಲರೂ ಮೊದಲು ಹೇಳುವುದು ಇದನ್ನೇ. ಖರ್ಚು ಕಡಿಮೆ, ಕೆಲವು ಕಡೆ ಶುಲ್ಕವೇ ಇಲ್ಲ. ಇಲ್ಲಿ ಕಲಿಸುವುದು ಮುಖ್ಯವಾಗಿ ಪಂಜಾಬಿ ಬರೆಯುವ ಗುರುಮುಖಿ ಲಿಪಿ. ಸಿಖ್ಖರ ಎರಡನೆಯ ಗುರು ಅಂಗದ್ ದೇವ್ ಅವರು 16ನೇ ಶತಮಾನದಲ್ಲಿ ಈ ಲಿಪಿಯನ್ನು ಒಂದು ಕ್ರಮಕ್ಕೆ ತಂದರು. ಮೂಲ ಅಕ್ಷರ 35, ಅದಕ್ಕೇ ಅಕ್ಷರಮಾಲೆಗೆ "ಪೈಂತೀ" ಎಂದೇ ಹೆಸರು. ಮೊದಲ ಸಾಲು ದಾಟಿದರೆ ಮುಂದೆ ನಮ್ಮದೇ ಕ-ಖ-ಗ-ಘ-ಙ ಸಾಲು. ನಾನು ಮಗಳ ಪಕ್ಕ ಕುಳಿತು ಎರಡೇ ವಾರದಲ್ಲಿ ಓದಲು ಕಲಿತೆ.

ಆದರೆ ಹದಿಹರೆಯದವರಿಗೆ ಇದರಲ್ಲಿ ಎರಡು ತೊಂದರೆ ಇವೆ. ಒಂದು, ಹೊಸಬರ ತರಗತಿಯಲ್ಲಿ ಇರುವವರೆಲ್ಲ ಆರು-ಏಳು ವರ್ಷದ ಪುಟಾಣಿಗಳು. ಹದಿನೈದರ ಹುಡುಗಿ ಅವರ ಮಧ್ಯೆ ಮೊಣಕಾಲು ಮಡಚಿ ಕುಳಿತು ಅಕ್ಷರ ತಿದ್ದಬೇಕು. ಅವಳಿಗಿಂತ ಚಿಕ್ಕವರು ಪಟಪಟ ಓದುತ್ತಿರುತ್ತಾರೆ. ಮೂರನೆಯ ವಾರ ನನ್ನ ಮಗಳು ಹೊಟ್ಟೆನೋವು ಎಂದಳು. ನಾನು ಬಲವಂತ ಮಾಡಲಿಲ್ಲ.

ಎರಡನೆಯದು ಇನ್ನೂ ಮುಖ್ಯ. ಅಲ್ಲಿನ ಗುರಿ ಗುರುಬಾಣಿ, ಅಂದರೆ ಸಿಖ್ಖರ ಧರ್ಮಗ್ರಂಥದ ಪದ್ಯಗಳನ್ನು ಓದುವುದು, ಅದು ಸರಿಯಾದ ಗುರಿಯೇ. ಆದರೆ ಆ ಗ್ರಂಥದ, ಗುರು ಗ್ರಂಥ ಸಾಹಿಬ್‌ನ ಭಾಷೆ ನೂರಾರು ವರ್ಷ ಹಿಂದಿನದು, ಹಲವು ಕಡೆಯ ಸಂತರ ನುಡಿ ಸೇರಿದ್ದು. ಅದನ್ನು ನಿರರ್ಗಳವಾಗಿ ಓದುವ ಮಗುವಿಗೂ "ಬಸ್ ತಪ್ಪಿಹೋಯಿತು, ಲೇಟಾಗಿ ಬರುತ್ತೇನೆ" ಎಂದು ಅಜ್ಜಿಗೆ ಹೇಳಲು ಬಾರದೇ ಇರಬಹುದು. ವಚನಗಳನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ಅಂಗಡಿಯಲ್ಲಿ ಕನ್ನಡ ಮಾತಾಡಲು ಬರುತ್ತದೆಯೇ? ಹಾಗೆಯೇ ಇದು.

ಮಾತು ಬೇಕಿದ್ದರೆ ಗುರುದ್ವಾರದಲ್ಲಿ ತರಗತಿಗಿಂತ ಒಳ್ಳೆಯ ಜಾಗ ಇನ್ನೊಂದಿದೆ. ಬಂದವರಿಗೆಲ್ಲ ಉಚಿತವಾಗಿ ಊಟ ಬಡಿಸುವ ಲಂಗರ್‌ನ ಅಡುಗೆಮನೆ. ಭಾನುವಾರ ಬೆಳಿಗ್ಗೆ ಅಲ್ಲಿ ಸೇವೆಗೆ ಹೋದರೆ ಉದ್ದದ ಕಟ್ಟೆಯ ಸುತ್ತ ಹತ್ತಿಪ್ಪತ್ತು ಹೆಂಗಸರು ರೊಟ್ಟಿ ಲಟ್ಟಿಸುತ್ತಿರುತ್ತಾರೆ. ಅಲ್ಲಿ ರೊಟ್ಟಿಗೆ ರೊಟ್ಟಿ ಅನ್ನುವುದಿಲ್ಲ, "ಪರ್‌ಶಾದಾ" ಅನ್ನುತ್ತಾರೆ. ಕೈ ಕೆಲಸದಲ್ಲಿರುತ್ತದೆ, ಕಣ್ಣು ಹಿಟ್ಟಿನ ಮೇಲಿರುತ್ತದೆ, ಯಾರೂ ಮುಖ ನೋಡಿ ಪರೀಕ್ಷೆ ಮಾಡುವುದಿಲ್ಲ. ಯಾರ ಮಗಳಮ್ಮ ನೀನು, ಯಾವ ಪಿಂಡ್, ಎಷ್ಟನೇ ಕ್ಲಾಸು ಎಂದು ಕೇಳುತ್ತಾರೆ. ಪಿಂಡ್ ಅಂದರೆ ಊರು. ಅದೇ ನಾಲ್ಕು ಪ್ರಶ್ನೆ ಪ್ರತಿ ವಾರ ಹೊಸಬರು ಕೇಳುತ್ತಾರೆ, ಉತ್ತರ ತಾನಾಗಿ ಬಾಯಿಗೆ ಕೂರುತ್ತದೆ. ಶಾಲೆ ಬಿಟ್ಟ ನನ್ನ ಮಗಳು ಇಲ್ಲಿಗೆ ಮಾತ್ರ ತಪ್ಪದೆ ಹೋದಳು.

ಶಾಲೆಯಲ್ಲಿ ವಿಷಯವಾಗಿ ತೆಗೆದುಕೊಳ್ಳುವುದು

ಒಂಟಾರಿಯೋದಲ್ಲಿ ಎಂಟನೇ ತರಗತಿವರೆಗಿನ ಮಕ್ಕಳಿಗೆ ವಾರಕ್ಕೆ ಎರಡೂವರೆ ಗಂಟೆವರೆಗೆ ಅಂತರರಾಷ್ಟ್ರೀಯ ಭಾಷೆಗಳ ತರಗತಿ ಇರುತ್ತದೆ. ಪ್ರೌಢಶಾಲೆಯಲ್ಲಿ ಅದನ್ನೇ 110 ಗಂಟೆಗಳ ಕ್ರೆಡಿಟ್ ವಿಷಯವಾಗಿ, ಅಂದರೆ ಪಾಸಾಗಲು ಲೆಕ್ಕಕ್ಕೆ ಬರುವ ವಿಷಯವಾಗಿ ತೆಗೆದುಕೊಳ್ಳಬಹುದು, ಹೆಚ್ಚಾಗಿ ಶನಿವಾರ ನಡೆಯುತ್ತದೆ. ಬ್ರಿಟಿಷ್ ಕೊಲಂಬಿಯಾದಲ್ಲಿ 1990ರ ದಶಕದ ಮಧ್ಯದಿಂದಲೂ ಪಂಜಾಬಿ ಶಾಲೆಯ ಎರಡನೇ ಭಾಷೆಗಳ ಪಟ್ಟಿಯಲ್ಲಿದೆ. ಸರ್ರೆ, ಆಬ್ಬಟ್ಸ್‌ಫರ್ಡ್ ಕಡೆಯವರಿಗೆ ಇದು ಅನುಕೂಲ. ಇಂಗ್ಲೆಂಡಿನ ಮಕ್ಕಳಿಗೆ ಪಂಜಾಬಿಯಲ್ಲಿ, ನಮ್ಮ ಎಸ್.ಎಸ್.ಎಲ್.ಸಿ.ಯಂಥ ಜಿ.ಸಿ.ಎಸ್.ಇ. ಪರೀಕ್ಷೆ ಇದೆ. ಕೇಳುವುದು, ಮಾತು, ಓದು, ಬರಹ ನಾಲ್ಕಕ್ಕೂ ಸಮಾನ ಅಂಕ.

ಇದರ ದೊಡ್ಡ ಲಾಭ, ಹದಿಹರೆಯದವರ ಸಮಯಕ್ಕೆ ಬೆಲೆ ಸಿಗುತ್ತದೆ. ಅಂಕಪಟ್ಟಿಯಲ್ಲಿ ಬರುವುದನ್ನು ಅವರು ಬಿಡುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಎರಡೂವರೆ ಗಂಟೆ ಅಂದರೆ 150 ನಿಮಿಷ. ತರಗತಿಯಲ್ಲಿ 20 ಮಕ್ಕಳಿದ್ದು ಟೀಚರ್ ಒಂದು ಮಾತೂ ಆಡದಿದ್ದರೂ ಒಬ್ಬರ ಪಾಲಿಗೆ ಬರುವುದು ಏಳೂವರೆ ನಿಮಿಷ. ವಾರಕ್ಕೆ ಅಷ್ಟೇ ಮಾತು. ಅಲ್ಲದೆ ನಮ್ಮ ಕಡೆ ಈ ತರಗತಿಗಳಲ್ಲಿ ಪಂಜಾಬಿನಿಂದ ಮೊನ್ನೆ ಮೊನ್ನೆ ಬಂದ ಮಕ್ಕಳೂ ಇರುತ್ತಾರೆ. ಅವರಿಗೆ ಅದು ನೀರು ಕುಡಿದಷ್ಟು ಸುಲಭ. ಅವರ ಮುಂದೆ ಬಾಯಿ ತೆರೆಯಲು ನನ್ನ ಮಗಳು ಹೆದರಿದಳು. ಆದ್ದರಿಂದ ಮಾತು ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ, ಎರಡನೆಯ ವರ್ಷ ಇದನ್ನು ತೆಗೆದುಕೊಳ್ಳುವುದು ಒಳ್ಳೆಯದು. ನಾವು ಹಾಗೇ ಮಾಡಿದೆವು. ಆಗ ಅದು ಓದು-ಬರಹವನ್ನು ಗಟ್ಟಿ ಮಾಡಿತು.

ಆನ್‌ಲೈನಿನಲ್ಲಿ ಒಬ್ಬರೇ ಟೀಚರ್

ದುಡ್ಡು ಕೊಟ್ಟು ಕಲಿಯುವುದಾದರೆ ಗುಂಪಿನ ತರಗತಿಗಿಂತ ಇದಕ್ಕೇ ಕೊಡಿ. ಅರ್ಧ ಗಂಟೆ ತೆಗೆದುಕೊಂಡರೆ ಅದರಲ್ಲಿ ಕಾಲು ಗಂಟೆಯಾದರೂ ಮಗುವೇ ಮಾತಾಡುತ್ತದೆ. ನಮಗೆ ಸಿಕ್ಕವರು ಲೂಧಿಯಾನಾದ ಕಾಲೇಜು ಓದುವ ಹುಡುಗಿ. ಮಗಳಿಗಿಂತ ಐದಾರು ವರ್ಷ ದೊಡ್ಡವಳು ಅಷ್ಟೇ, ಅಕ್ಕನ ಹಾಗೆ ಮಾತಾಡಿಸುತ್ತಿದ್ದಳು. ಅಜ್ಜಿಯ ಪಂಜಾಬಿಯಲ್ಲಿ ಸಿಗದ ವಿಷಯಗಳೆಲ್ಲ ಅಲ್ಲಿ ಸಿಕ್ಕವು. ಪರೀಕ್ಷೆ, ಗೆಳತಿಯರ ಜಗಳ, ಕ್ರಿಕೆಟ್ಟು.

ಸಮಯದ ಲೆಕ್ಕ ನೋಡಿಕೊಳ್ಳಿ. ಬೇಸಿಗೆಯಲ್ಲಿ ಟೊರಾಂಟೋಗೂ ಭಾರತಕ್ಕೂ ಒಂಬತ್ತೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಹತ್ತೂವರೆ. ನಮ್ಮ ರಾತ್ರಿ ಎಂಟಕ್ಕೆ ಅಲ್ಲಿ ಬೆಳಗಿನ ಜಾವ. ಶನಿವಾರ, ಭಾನುವಾರ ಬೆಳಿಗ್ಗೆ ಎಂಟು-ಒಂಬತ್ತು ಗಂಟೆ ಇಬ್ಬರಿಗೂ ಹೊಂದುತ್ತದೆ.

ಸೇರುವ ಮೊದಲು ಮೂರು ವಿಷಯ ಕೇಳಿ. ತರಗತಿಯಲ್ಲಿ ಇಂಗ್ಲಿಷ್ ಎಷ್ಟು ಬಳಸುತ್ತೀರಿ? ಮೊದಲ ತಿಂಗಳು ಬರಹ ಬಿಟ್ಟು ಬರೀ ಮಾತು ಕಲಿಸುತ್ತೀರಾ? ನೀವು ಯಾವ ಕಡೆಯವರು? ಮೂರನೆಯದನ್ನು ಸುಮ್ನೆ ಕೇಳುವುದಲ್ಲ. ಅಮೃತಸರ ಮತ್ತು ಲಾಹೋರಿನ ಸುತ್ತ ಆಡುವ ಮಾಝೀ ಎಂಬ ಒಳನುಡಿ ಪುಸ್ತಕದ ಭಾಷೆಗೆ ಹತ್ತಿರ. ಜಲಂಧರ್, ಹೋಶಿಯಾರ್‌ಪುರದ್ದು ದೋಆಬೀ. ಲೂಧಿಯಾನಾ, ಬಠಿಂಡಾ ಕಡೆಯದ್ದು ಮಲವಈ. ನಮ್ಮತ್ತೆ ದೋಆಬಾದವರು, ಪದದ ಮೊದಲಿನ ವ ಅವರ ಬಾಯಲ್ಲಿ ಬ ಆಗುತ್ತದೆ. ಮದುವೆಗೆ ಪುಸ್ತಕದಲ್ಲಿ "ವಿಆಹ್", ಅವರಿಗೆ "ಬಿಆಹ್". ಟೀಚರ್ ಒಂದು ದಿನ ಇದನ್ನು ತಿದ್ದಿದಳು. ಮಗಳು ಗೊಂದಲಕ್ಕೆ ಬಿದ್ದಳು, ದಾದಿ ತಪ್ಪು ಹೇಳುತ್ತಿದ್ದಾರಾ ಅಂತ. ನಾನು ಟೀಚರಿಗೆ ವಿನಂತಿ ಮಾಡಿಕೊಂಡೆ. ಪರೀಕ್ಷೆಗೆ ಬರೆಯುವಾಗ ನಿಮ್ಮದು ಇರಲಿ, ಮಾತಾಡುವಾಗ ಅಜ್ಜಿಯದ್ದೇ ಇರಲಿ ಎಂದೆ. ಮಂಗಳೂರಿನ ಕನ್ನಡ, ಧಾರವಾಡದ ಕನ್ನಡ ಕೇಳಿ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ. ಅಜ್ಜಿಯ ಮಾತನ್ನು ತಪ್ಪು ಎಂದು ಮಗುವಿಗೆ ಯಾವತ್ತೂ ಅನ್ನಿಸಬಾರದು.

ಆ್ಯಪ್, ವಿಡಿಯೋ, ಹಾಡು

ಪದ ಕಲಿಯಲು ಆಗುತ್ತದೆ. ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯದ್ದು ಹೊಸಬರಿಗಾಗಿ ಧ್ವನಿ ಸಮೇತ ಪಾಠಗಳಿವೆ, ಅಕ್ಷರ ಕಲಿಯುವಾಗ ನಾನು ಬಳಸಿದೆ. ಆದರೆ ಆ್ಯಪ್‌ನಿಂದಲೇ ಮಾತು ಬರುತ್ತದೆ ಎಂದು ನಂಬಬೇಡಿ. ಹಾಡುಗಳ ವೇಗಕ್ಕೆ ಹೊಸಬರ ಕಿವಿ ಓಡುವುದಿಲ್ಲ, ಅಲ್ಲಿನ ಮಾತು ಮನೆಯ ಮಾತೂ ಅಲ್ಲ. ಎಲ್ಲಕ್ಕಿಂತ ಜಾಸ್ತಿ ಎಚ್ಚರ ಬೇಕಾದದ್ದು ಹಿಂದಿ ಬೆರಕೆಯ ವಿಡಿಯೋಗಳ ಬಗ್ಗೆ. ಎರಡೂ ಅಕ್ಕಪಕ್ಕದ ಭಾಷೆ, ಗೊತ್ತಿಲ್ಲದ ಮಗುವಿಗೆ ಯಾವುದು ಯಾವುದು ಎಂದು ತಿಳಿಯುವುದಿಲ್ಲ. ಮಗಳು ಒಂದಿನ ನೀರಿಗೆ "ಪಾನೀ" ಎಂದಾಗ ಅತ್ತೆ ಮೆಲ್ಲಗೆ "ಪಾಣೀ" ಎಂದರು.

ಆ ಣಕಾರದಲ್ಲಿ ನಾನು ಮಗಳಿಗೆ ನೆರವಾದೆ. ಪಂಜಾಬಿಯಲ್ಲಿ ನಮ್ಮ ಹಾಗೆ ಣ ಇದೆ, ಳ ಕೂಡ ಇದೆ. ಪಾಣೀ, ಖಾಣಾ, ಜಾಣಾ. ಒತ್ತೂ ಇದೆ. "ಪತಾ" ಅಂದರೆ ವಿಳಾಸ, "ಪತ್ತಾ" ಅಂದರೆ ಎಲೆ. ಇಂಗ್ಲಿಷ್ ಕಿವಿಗೆ ಎರಡೂ ಒಂದೇ. ನಾನು ಹಳಿ-ಹಳ್ಳಿ, ಕತೆ-ಕತ್ತೆ ಎಂದು ಹೇಳಿಸಿದೆ. ನಾಲಿಗೆ ಹೊರಳಿತು. ಕನ್ನಡದ ಅಮ್ಮ ಅಥವಾ ಅಪ್ಪ ಇರುವ ಮನೆಗಳಲ್ಲಿ ಇದನ್ನು ಖಂಡಿತ ಬಳಸಿಕೊಳ್ಳಿ.

ರಜೆಯಲ್ಲಿ ಪಂಜಾಬ್‌ಗೆ ಕಳಿಸುವುದು

ಒಂದು ತಿಂಗಳು ಊರಲ್ಲಿ ಬಿಟ್ಟರೆ ತಾನಾಗಿ ಬರುತ್ತದೆ ಎಂದು ನನ್ನ ಗಂಡನ ಮನೆಯವರೆಲ್ಲ ಹೇಳಿದರು. ಕಳೆದ ಬೇಸಿಗೆ ಹೋದೆವು. ಟಿಕೆಟ್ಟಿನ ಖರ್ಚು ದೊಡ್ಡದು. ಜೂನಿನ ಬಿಸಿಲಿಗೆ ಮಧ್ಯಾಹ್ನ ಹೊರಗೆ ಕಾಲಿಡಲು ಆಗುವುದಿಲ್ಲ, ಎಲ್ಲರೂ ಒಳಗೆ ಮಲಗಿರುತ್ತಾರೆ. ದೋಆಬಾದ ಹಳ್ಳಿಗಳಲ್ಲಿ ದೊಡ್ಡ ದೊಡ್ಡ ಕೋಠಿಗಳಿವೆ, ಎಷ್ಟೋ ಮನೆಗಳಿಗೆ ಬೀಗ. ಮನೆಯವರೆಲ್ಲ ಹೊರದೇಶದಲ್ಲಿ. ಉಳಿದ ಅಣ್ಣತಮ್ಮಂದಿರು, ಅಕ್ಕತಂಗಿಯರು ಹೊರದೇಶಕ್ಕೆ ಹೋಗಲು ಬೇಕಾದ ಐ.ಇ.ಎಲ್.ಟಿ.ಎಸ್. ಎಂಬ ಇಂಗ್ಲಿಷ್ ಪರೀಕ್ಷೆಗೆ ಓದುತ್ತಿರುತ್ತಾರೆ. ಕೆನಡಾದಿಂದ ಬಂದ ಹುಡುಗಿ ಸಿಕ್ಕರೆ ಅವರಿಗೆ ಇಂಗ್ಲಿಷ್ ಮಾತಾಡುವ ಆಸೆ. ತಪ್ಪು ಹೇಳಲಾಗದು, ಅವರ ಬದುಕು ಅದರ ಮೇಲೆ ನಿಂತಿದೆ. ಮೊದಲ ವಾರ ಮಗಳು ಆಡಿದ್ದೆಲ್ಲ ಇಂಗ್ಲಿಷೇ.

ಎರಡನೇ ವಾರದಿಂದ ಬದಲಾಯಿತು. ಕಾರಣ ಅವಳ ತಾಯೀ, ಅಂದರೆ ದೊಡ್ಡಮ್ಮ. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಮುಂಜಾನೆ ಎಮ್ಮೆ ಕರೆಯುವಾಗ ಮಗಳನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಆ ಒಂದು ಗಂಟೆಯಲ್ಲಿ ಕಲಿತದ್ದೇ ಕಲಿತದ್ದು. ಹಾಗಾಗಿ ನನ್ನ ಮಾತು ಇಷ್ಟು: ಏನೂ ಬಾರದ ಮಗುವನ್ನು ಅಲ್ಲಿ ತಳ್ಳಬೇಡಿ, ಬೆಪ್ಪಾಗಿ ಕೂರುತ್ತದೆ. ಐದಾರು ತಿಂಗಳು ಇಲ್ಲಿ ಮಾತಾಡಿ, ಆಮೇಲೆ ಕರೆದೊಯ್ಯಿರಿ. ಇಂಗ್ಲಿಷ್ ಬಾರದ ಒಬ್ಬ ದೊಡ್ಡವರ ಜೊತೆ ದಿನಾ ಒಂದು ಕೆಲಸ ಹಚ್ಚಿ. ಚಳಿಗಾಲದಲ್ಲಿ ಮಂಜು ಕವಿದು ವಿಮಾನ ತಡವಾಗಬಹುದು, ಆದರೂ ಬೇಸಿಗೆಗಿಂತ ಅದು ವಾಸಿ.

ಮನೆಯಲ್ಲೇ ಇರುವ ಅಜ್ಜಿ

ನನ್ನ ಆಯ್ಕೆ ಇದು. ಕೇಳಿದರೆ ಅರ್ಥವಾಗುವ ಮಗುವಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣಲಿಲ್ಲ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಆರು ದಿನ, ವರ್ಷಕ್ಕೆ ಐವತ್ತು ವಾರ ಎಂದರೆ 150 ಗಂಟೆ. ಅದೂ ಎದುರಿಗೆ ಒಬ್ಬರೇ ಕುಳಿತು ಆಡಿದ ಮಾತು.

ಆದರೆ ಅದು ತಾನಾಗಿ ಆಗುವುದಿಲ್ಲ. ಆಗುವ ಹಾಗಿದ್ದರೆ ಹದಿನೈದು ವರ್ಷದಲ್ಲಿ ಆಗಿಬಿಡುತ್ತಿತ್ತು, ಅಲ್ವಾ? ನಾವು ಒಂದು ಸಮಯ ಗೊತ್ತು ಮಾಡಿದೆವು. ಸಂಜೆ ಆರೂವರೆಗೆ ರೊಟ್ಟಿಯ ಹೊತ್ತು. ಅತ್ತೆ ಹಿಟ್ಟು ನಾದುವುದು, ಮಗಳು ಲಟ್ಟಿಸುವುದು. ಆ ಅರ್ಧ ಗಂಟೆ ನಾನೂ ನನ್ನ ಗಂಡನೂ ಅಡುಗೆಮನೆಗೆ ಹೋಗುವುದಿಲ್ಲ. ಬೇರೆಯವರು ಇದ್ದರೆ ಮಗು ಅವರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿಬಿಡುತ್ತದೆ.

ಅತ್ತೆಗೆ ಎರಡು ಮಾತು ಹೇಳಿದ್ದೆ. ಮಧ್ಯದಲ್ಲಿ ತಿದ್ದಬೇಡಿ, ಅವಳು ಹೇಳಿದ್ದನ್ನೇ ಸರಿಯಾಗಿ ಮತ್ತೊಮ್ಮೆ ಹೇಳಿ ಮುಂದಕ್ಕೆ ಹೋಗಿ. ಇನ್ನೊಂದು, ನಗಬೇಡಿ. ಎರಡನೆಯದು ಅವರಿಗೆ ಕಷ್ಟವಾಯಿತು. ಪ್ರೀತಿಯಿಂದಲೇ ನಗುತ್ತಾರೆ, ಮೊಮ್ಮಗಳ ತೊದಲು ಅವರಿಗೆ ಮುದ್ದು. ಆದರೆ ಹದಿನೈದರ ಹುಡುಗಿಗೆ ಆ ನಗು ಚುಚ್ಚುತ್ತದೆ. ನೆಂಟರು ಬಂದಾಗ "ಎಲ್ಲಿ, ಒಂದೆರಡು ಮಾತು ಪಂಜಾಬಿಯಲ್ಲಿ ಹೇಳು" ಎಂದು ನಿಲ್ಲಿಸುವುದೂ ಬೇಡ. ಒಮ್ಮೆ ಹೀಗೆ ಆಗಿ, ನಾಲ್ಕು ದಿನ ಅಡುಗೆಮನೆ ಕಡೆ ಮುಖ ಹಾಕಲಿಲ್ಲ ಅವಳು.

ಲಿಂಗದ ಗೊಂದಲವೂ ಇಲ್ಲೇ ಸರಿಯಾಯಿತು. ಕನ್ನಡದಲ್ಲಿ "ಹೋಗುತ್ತೇನೆ" ಎಂದು ಯಾರು ಬೇಕಾದರೂ ಹೇಳಬಹುದು. ಪಂಜಾಬಿಯಲ್ಲಿ ಗಂಡಸು "ಜಾಂದಾ ಹಾಂ", ಹೆಂಗಸು "ಜಾಂದೀ ಹಾಂ". ಅಪ್ಪನ ಮಾತು ಕೇಳಿ ಮಗಳು ಮೊದಮೊದಲು "ಜಾಂದಾ ಹಾಂ" ಎನ್ನುತ್ತಿದ್ದಳು. ಅಜ್ಜಿಯ ಹತ್ತಿರ ಕಲಿಯುವ ಹುಡುಗರಿಗೆ ಇದು ಉಲ್ಟಾ ಆಗುತ್ತದೆ. ನಿಮ್ಮ ಮಗ ಅಜ್ಜಿಯಿಂದ ಕಲಿಯುವುದಾದರೆ ವಾರಕ್ಕೊಮ್ಮೆಯಾದರೂ ತಾತನೋ ಚಿಕ್ಕಪ್ಪನೋ ಜೊತೆಗೂಡಲಿ.

ಇನ್ನು ಸ್ವರದ ವಿಷಯ. ನಮ್ಮ ದೇಶದ ದೊಡ್ಡ ಭಾಷೆಗಳಲ್ಲಿ ಪಂಜಾಬಿಗೆ ಇರುವ ವಿಶೇಷ ಗುಣ ಇದು. ಧ್ವನಿಯ ಏರಿಳಿತ ಬದಲಾದರೆ ಅರ್ಥವೇ ಬದಲಾಗುತ್ತದೆ. ಘ, ಝ, ಢ, ಧ, ಭ ಅಕ್ಷರಗಳು ಬರಹದಲ್ಲಿವೆ, ಆದರೆ ಬಾಯಲ್ಲಿ ಆ ಮಹಾಪ್ರಾಣ ಹೋಗಿ ಅದರ ಜಾಗಕ್ಕೆ ಸ್ವರದ ಇಳಿತ ಬಂದಿದೆ. "ಘೋಡಾ" ಎಂದು ಬರೆದರೂ ಕೇಳುವುದು "ಕೋಡಾ" ಎಂದೇ. ದನಿ ಇಳಿಸಿ ಹೇಳಿದರೆ ಕುದುರೆ, ಸಮವಾಗಿ ಹೇಳಿದರೆ ಚಾಟಿ, ಏರಿಸಿ ಹೇಳಿದರೆ ಕುಷ್ಠರೋಗಿ. ಅತ್ತೆ ಮೊಮ್ಮಗಳನ್ನು "ಧೀ" (ಮಗಳು) ಎಂದು ಕರೆದರೆ "ತೀ" ಎಂದ ಹಾಗೆ ಕೇಳುತ್ತದೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ "ಘರ್" ಎಂದು ಗಟ್ಟಿಯಾಗಿ ಘ ಹಚ್ಚಿ ಹೇಳುತ್ತಿದ್ದೆ. ಎಲ್ಲರೂ ನಾನು ಹಿಂದಿ ಮಾತಾಡುತ್ತಿದ್ದೇನೆ ಎಂದುಕೊಂಡರು. ಆ ಏರಿಳಿತ ಕಿವಿಗೆ ಹಿಡಿಯಲು ನನಗೆ ಎರಡು ವರ್ಷ ಬೇಕಾಯಿತು. ಮಗಳಿಗೆ ಎರಡು ದಿನವೂ ಬೇಕಾಗಲಿಲ್ಲ. ತೊಟ್ಟಿಲಿನಿಂದ ಕೇಳಿದ್ದು ಕಿವಿಯಲ್ಲಿ ಕುಳಿತೇ ಇತ್ತು. ಅರ್ಥವಾಗುತ್ತೆ, ಬಾಯಿಗೆ ಬರಲ್ಲ ಎನ್ನುವ ಮಕ್ಕಳು ಸೊನ್ನೆಯಿಂದ ಶುರು ಮಾಡುತ್ತಿಲ್ಲ. ಅವರಿಗೆ ಇದನ್ನು ಯಾರಾದರೂ ಹೇಳಬೇಕು.

ಅಜ್ಜಿ ಮನೆಯಲ್ಲಿ ಇಲ್ಲದಿದ್ದರೆ ಫೋನಿನಲ್ಲಾದರೂ ಆಗುತ್ತದೆ. ವಿಡಿಯೋ ಕರೆಗಿಂತ ಬರೀ ಧ್ವನಿಯ ಕರೆ ಒಳ್ಳೆಯದು, ಮುಖ ನೋಡಿ ನಾಚುವುದು ತಪ್ಪುತ್ತದೆ. ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಇನ್ನೂ ಸುಲಭ. ತಪ್ಪಾದರೆ ಅಳಿಸಿ ಮತ್ತೆ ಹೇಳಬಹುದು.

ಹಾಗಾದರೆ ಯಾರಿಗೆ ಯಾವುದು?

ಅರ್ಥವಾಗುತ್ತೆ, ಮಾತು ಬರಲ್ಲ ಎನ್ನುವವರು ಮನೆಯ ಹಿರಿಯರ ಜೊತೆ ಅರ್ಧ ಗಂಟೆಯಿಂದ ಶುರು ಮಾಡಿ, ಭಾನುವಾರ ಲಂಗರ್ ಸೇವೆ ಸೇರಿಸಿ. ದುಡ್ಡು ಖರ್ಚಿಲ್ಲ. ಮೂರು ತಿಂಗಳ ನಂತರ ಲಿಪಿ. ಕುಟುಂಬ ಪಾಕಿಸ್ತಾನದ ಪಂಜಾಬಿನ ಕಡೆಯದಾದರೆ ಗುರುಮುಖಿ ಬದಲು ಉರ್ದುವಿನಂಥ ಶಾಹ್‌ಮುಖಿ ಬೇಕಾಗುತ್ತದೆ, ಮನೆಯಲ್ಲಿ ಕೇಳಿಕೊಳ್ಳಿ. ಏನೂ ಅರ್ಥವಾಗದವರಿಗೆ ಆನ್‌ಲೈನ್ ಟೀಚರ್ ಮೊದಲು, ವಾರಕ್ಕೆ ಎರಡು ಬಾರಿ. ಅಡುಗೆಮನೆ ಮಾತಲ್ಲೇ ನಿಂತವರಿಗೆ ಶಾಲೆಯ ಕ್ರೆಡಿಟ್ ವಿಷಯ ತುಂಬ ಹೊಂದುತ್ತದೆ, ಜೊತೆಗೆ ಒಂದು ಸಲ ಊರಿನ ಪ್ರವಾಸ. ದಾರಿ ಯಾವುದೇ ಇರಲಿ, ಆರಿಸುವುದು ಮಗುವೇ ಆಗಿರಲಿ. ನಾವು ಆರಿಸಿದ ವಾರಾಂತ್ಯದ ಶಾಲೆ ಮೂರು ವಾರ ನಡೆಯಿತು, ಅವಳು ಆರಿಸಿದ ರೊಟ್ಟಿಯ ಹೊತ್ತು ಈಗಲೂ ನಡೆಯುತ್ತಿದೆ.

ಮೊದಲ ವಾರಕ್ಕೆ ನಾಲ್ಕೇ ಪದ ಕೊಡಿ. ಕದೋಂ, ಅಂದರೆ ಯಾವಾಗ. ಕಿತ್ಥೇ, ಎಲ್ಲಿ. ಕಿಉಂ, ಯಾಕೆ. ಫೇರ್, ಆಮೇಲೆ. ಉತ್ತರ ಕೊಡುವುದಕ್ಕಿಂತ ಪ್ರಶ್ನೆ ಕೇಳುವುದು ಸುಲಭ. ಅಜ್ಜಿಯರಿಗೆ ಒಂದು "ಫೇರ್?" ಸಾಕು, ಹತ್ತು ನಿಮಿಷ ಮಾತಾಡುತ್ತಾರೆ. ದೊಡ್ಡವರನ್ನು "ತೂಂ" ಎನ್ನಬಾರದು, "ತುಸೀಂ" ಎನ್ನಬೇಕು ಎಂಬುದನ್ನೂ ಅವತ್ತೇ ಹೇಳಿಕೊಡಿ. ನಮ್ಮ ನೀನು-ನೀವು ಹಾಗೆ.

ಎಂಟು ತಿಂಗಳಾದ ಮೇಲಿನ ಒಂದು ಸಂಜೆ. ನಾನು ಹೊರಗೆ ಬಟ್ಟೆ ಮಡಚುತ್ತಿದ್ದೆ. ಒಳಗೆ ಅತ್ತೆ ಬೀದರಿನ ಕತೆ ಹೇಳುತ್ತಿದ್ದರು. ನಮ್ಮ ಮದುವೆಗೆಂದು ಕರ್ನಾಟಕಕ್ಕೆ ಬಂದಾಗ ಅವರು ಅಲ್ಲಿನ ನಾನಕ್ ಝಿರಾ ಗುರುದ್ವಾರಕ್ಕೆ ಹೋಗಿದ್ದರು. ಗುರು ಗೋಬಿಂದ್ ಸಿಂಗರಿಂದ ಮೊದಲು ಖಾಲ್ಸಾ ದೀಕ್ಷೆ ಪಡೆದ ಐವರು, ಅಂದರೆ ಪಂಚ ಪ್ಯಾರೇಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಅದೇ ಬೀದರಿನವರು ಎಂದು ಅವರಿಗೆ ಬಹಳ ಅಭಿಮಾನ. ನಿನ್ನ ಅಮ್ಮನ ನಾಡಿನಲ್ಲಿ ಕುಡಿಯಲು ಸಿಹಿನೀರಿಲ್ಲದ ಜಾಗವದು, ಬಾಬಾ ನಾನಕರು ಅಲ್ಲಿಗೆ ಬಂದರು ಎನ್ನುತ್ತಿದ್ದರು. ಲಟ್ಟಣಿಗೆಯ ಸದ್ದು ನಿಂತಿತು.

"ಫೇರ್, ದಾದೀ ಜೀ?" ಎಂದಳು ಮಗಳು. "ಪಾಣೀ ಕಿತ್ಥೋಂ ಆಯಾ?"